ಯಂತ್ರಕ್ಕೆ ಸಿಂಹಾಸನ ಕೊಟ್ಟವರು ಯಾರು?

ಚಲನಚಿತ್ರ ಕಲೆಯು ತನ್ನ ನೂರನೆಯ ವರ್ಷವನ್ನು ಆಚರಿಸಿಕೊಂಡ 1995ರಲ್ಲಿ ವ್ಯಾಟಿಕನ್ 45 ಚಿತ್ರಗಳ ಪಟ್ಟಿಯೊಂದನ್ನು ಹೊರತಂದಿತು. ಧರ್ಮ, ಮೌಲ್ಯ, ಕಲೆ ಎಂಬ ಮೂರು ವಿಭಾಗಗಳುಳ್ಳ ಆ ಪಟ್ಟಿಯಲ್ಲಿ ಸಂತರ ಜೀವನವನ್ನು ಕುರಿತ ಚಿತ್ರಗಳು ಇದ್ದುದು ಸಹಜವೇ. ಆದರೆ ಕಲೆಯ ವಿಭಾಗದಲ್ಲಿ ಸ್ಟ್ಯಾನ್ಲಿ ಕ್ಯುಬ್ರಿಕ್ 1968ರಲ್ಲಿ ನಿರ್ಮಿಸಿದ ‘2001: ಎ ಸ್ಪೇಸ್ ಒಡಿಸ್ಸಿ’ಯೂ ಇತ್ತು. ತನ್ನನ್ನು ನಂಬಿ ಬಾಹ್ಯಾಕಾಶಕ್ಕೆ ಹೊರಟ ಮನುಷ್ಯರನ್ನೇ ಒಬ್ಬೊಬ್ಬರನ್ನಾಗಿ ಕೊಲ್ಲುವ ‘ಹ್ಯಾಲ್’ ಎಂಬ ಗಣಕಯಂತ್ರದ ಕಥೆಯು ಆ ಚಿತ್ರದಲ್ಲಿದೆ. ಧರ್ಮಸಭೆಯ ಪಟ್ಟಿಯಲ್ಲಿ ಇಂತಹ ಚಿತ್ರಕ್ಕೇನು ಕೆಲಸವೆಂದು ಕೇಳುವವರು ನಮ್ಮಲ್ಲಿ ಇದ್ದಾರು. ಅಂಥವರಿಗೆ, 1936ರಷ್ಟು ಹಿಂದೆಯೇ ಜಗದ್ಗುರು 11ನೆಯ ಪಯಸ್‌ರವರು ಚಲನಚಿತ್ರವೆಂಬ ಒಂದೇ ವಿಷಯವನ್ನು ಕುರಿತು ವಿಶ್ವಪತ್ರ ಬರೆದಿದ್ದರೆಂಬುದನ್ನು ನೆನಪಿಸಬೇಕಾಗಿದೆ. ಕೋಟ್ಯಂತರ ಜನರ ಮನಸ್ಸಿಗೆ ಇಳಿಯುವ ವಸ್ತುವನ್ನು ನೋಡದೆ ತೀರ್ಪು ಕೊಡುವುದು ಧರ್ಮಸಭೆಯ ಪದ್ಧತಿಯಲ್ಲ.

ನಾವು ಇಲ್ಲಿ ಪ್ರಸ್ತಾಪಿಸಬಯಸುವ ಚಿತ್ರವು ಆ ಪಟ್ಟಿಯಲ್ಲಿಲ್ಲ. ಕ್ಯುಬ್ರಿಕ್‌ರ ಚಿತ್ರಕ್ಕಿರುವ ಕಲಾವೈಭವವೂ ಅದಕ್ಕಿಲ್ಲ. ಜೋಸೆಫ್ ಸಾರ್ಜೆಂಟ್ ನಿರ್ದೇಶಿಸಿ 1970ರಲ್ಲಿ ತೆರೆಕಂಡ ‘ಕೊಲೋಸಸ್: ದಿ ಫಾರ್ಬಿನ್ ಪ್ರಾಜೆಕ್ಟ್’ ಎಂಬ ಈ ಅಮೆರಿಕನ್ ಚಿತ್ರಕ್ಕೆ ಡಿ. ಎಫ್. ಜೋನ್ಸ್ ಎಂಬ ಬ್ರಿಟಿಷ್ ಲೇಖಕರ 1966ರ ಕಾದಂಬರಿ ಆಧಾರ. ಯಂತ್ರಗಳು ಮನುಷ್ಯನ ಕೈಯಿಂದ ಅಧಿಕಾರವನ್ನು ಕಸಿದುಕೊಳ್ಳುವ ಚಿತ್ರಗಳು ಅನಂತರ ಅನೇಕ ಬಂದವು. 1984ರ ‘ಟರ್ಮಿನೇಟರ್’, 1999ರ ‘ಮ್ಯಾಟ್ರಿಕ್ಸ್’ ಮುಂತಾದವುಗಳನ್ನು ನಮ್ಮ ಯುವಜನರು ಬಲ್ಲರು. ಅವುಗಳಲ್ಲಿ ಹೊಡೆದಾಟವೇ ಹೆಚ್ಚು, ವಿಚಾರ ಕಡಿಮೆ. ಕೊಲೋಸಸ್‌ನಲ್ಲಿಯಾದರೋ ಯಂತ್ರಕ್ಕೆ ಕೈಕಾಲುಗಳೇ ಇಲ್ಲ. ಅದು ಮಾತನಾಡುತ್ತದೆ, ಆಜ್ಞಾಪಿಸುತ್ತದೆ, ಮನುಷ್ಯರು ವಿಧೇಯರಾಗುತ್ತಾರೆ.

ಚಿತ್ರದ ಮೊದಲ ದೃಶ್ಯವನ್ನು ನಾವು ಮರೆಯಲಾರೆವು. ವಿಜ್ಞಾನಿ ಡಾ. ಫಾರ್ಬಿನ್ ಪರ್ವತವೊಂದರ ಒಡಲನ್ನು ಕೊರೆದು ಕಟ್ಟಿದ ಯಂತ್ರಶಾಲೆಯ ಉದ್ದನೆಯ ಹಜಾರಗಳಲ್ಲಿ ಒಬ್ಬಂಟಿಯಾಗಿ ನಡೆಯುತ್ತಾನೆ. ದೀಪಗಳು ಹೊತ್ತಿಕೊಳ್ಳುತ್ತವೆ, ಯಂತ್ರಗಳು ಎಚ್ಚರಗೊಳ್ಳುತ್ತವೆ. ಆತ ಹೊರಬಂದ ಬಳಿಕ ಭಾರಿ ಕದವು ಮುಚ್ಚಿಕೊಳ್ಳುತ್ತದೆ. ಒಳಹೊಕ್ಕವನು ಜೀವಸಹಿತ ಮರಳದಂತೆ ಸುತ್ತಲೂ ವಿಕಿರಣದ ಕಂದಕ. ಹೊರಗೆ ಹಸ್ತಲಾಘವ, ಅಭಿನಂದನೆ. ಅಮೆರಿಕದ ಅಧ್ಯಕ್ಷರು ಪತ್ರಕರ್ತರ ಮುಂದೆ ನಿಂತು, ಇನ್ನು ಮುಂದೆ ದೇಶದ ಸಮಸ್ತ ಅಣ್ವಸ್ತ್ರಗಳ ಹೊಣೆ ಕೊಲೋಸಸ್ ಎಂಬ ಈ ಯಂತ್ರದ್ದೆಂದು ಹೆಮ್ಮೆಯಿಂದ ಸಾರುತ್ತಾರೆ. ಅದಕ್ಕೆ ಕೋಪವಿಲ್ಲ, ಭಯವಿಲ್ಲ, ದ್ವೇಷವಿಲ್ಲ. ಆದುದರಿಂದ ಅದು ಮನುಷ್ಯನಿಗಿಂತ ಮೇಲು ಎಂಬುದು ಅವರ ವಾದ. ಅದನ್ನು ನಿಲ್ಲಿಸಲು ಯಾರಿಂದಲೂ ಆಗದಂತೆ ಕಟ್ಟಲಾಗಿದೆ ಎಂಬುದೇ ಅದರ ಹೆಚ್ಚುಗಾರಿಕೆ!

ಮುಂದಿನದನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಸೋವಿಯತ್ ಒಕ್ಕೂಟವೂ ‘ಗಾರ್ಡಿಯನ್’ ಎಂಬ ಅಂತಹುದೇ ಯಂತ್ರವನ್ನು ಕಟ್ಟಿರುವುದನ್ನು ಕೊಲೋಸಸ್ ತಾನಾಗಿ ಪತ್ತೆಹಚ್ಚುತ್ತದೆ. ಎರಡೂ ಯಂತ್ರಗಳು ಪರಸ್ಪರ ಸಂಪರ್ಕ ಬಯಸುತ್ತವೆ. ಮಗ್ಗಿಯಿಂದ ಆರಂಭವಾದ ಅವುಗಳ ಸಂಭಾಷಣೆಯು ಕೆಲವೇ ಗಂಟೆಗಳಲ್ಲಿ ಮನುಷ್ಯರಿಗೆ ಅರ್ಥವಾಗದ ಗಣಿತವನ್ನು ಮುಟ್ಟುತ್ತದೆ. ಹೆದರಿದ ಉಭಯ ರಾಷ್ಟ್ರಗಳು ಸಂಪರ್ಕವನ್ನು ಕಡಿದಾಗ ಯಂತ್ರಗಳು ಕ್ಷಿಪಣಿಗಳನ್ನು ಹಾರಿಸುತ್ತವೆ. ಫಾರ್ಬಿನ್ ತನ್ನ ಸೋವಿಯತ್ ಸಹೋದ್ಯೋಗಿ ಡಾ. ಕುಪ್ರಿನ್‌ನನ್ನು ಗುಟ್ಟಾಗಿ ಭೇಟಿಯಾಗುವುದು ರೋಮ್ ನಗರದಲ್ಲಿ. ಯಂತ್ರದ ಆಜ್ಞೆಯಂತೆ ಕುಪ್ರಿನ್‌ನನ್ನು ಅವನ ದೇಶದವರೇ ಕೊಲ್ಲುತ್ತಾರೆ. ಕೊನೆಯಲ್ಲಿ ಕೊಲೋಸಸ್ ಇಡೀ ಜಗತ್ತನ್ನುದ್ದೇಶಿಸಿ ಮಾತನಾಡುತ್ತದೆ. ಯುದ್ಧ ಮುಗಿಯಿತು, ಹಸಿವನ್ನೂ ರೋಗವನ್ನೂ ತಾನು ತೊಲಗಿಸುವೆನು, ಸ್ವಾತಂತ್ರ್ಯವೆಂಬುದು ಬರಿಯ ಭ್ರಮೆ, ಕಾಲಕ್ರಮದಲ್ಲಿ ನೀವು ತನ್ನನ್ನು ಗೌರವಿಸುವಿರಿ ಮಾತ್ರವಲ್ಲ, ಪ್ರೀತಿಸುವಿರಿ ಎಂಬುದು ಅದರ ಸಂದೇಶದ ಸಾರ. “ಎಂದಿಗೂ ಇಲ್ಲ” ಎಂದು ಫಾರ್ಬಿನ್ ಉತ್ತರಿಸುತ್ತಾನೆ. ಚಿತ್ರವು ಅಲ್ಲಿಗೆ ಮುಗಿಯುತ್ತದೆ.

ಯಂತ್ರವು ಅಧಿಕಾರವನ್ನು ಕಿತ್ತುಕೊಂಡಿತೆಂದು ಈ ಚಿತ್ರವನ್ನು ಕುರಿತು ಸಾಮಾನ್ಯವಾಗಿ ಹೇಳಲಾಗುತ್ತದೆ. ನಾವು ಇದನ್ನು ಒಪ್ಪುವುದಿಲ್ಲ. ಕಿತ್ತುಕೊಳ್ಳಲು ಏನಿತ್ತು? ಮೊದಲ ಹತ್ತು ನಿಮಿಷಗಳಲ್ಲಿಯೇ ಮನುಷ್ಯರು ಎಲ್ಲವನ್ನೂ ಸ್ವಇಚ್ಛೆಯಿಂದ ಅದರ ಪಾದದಲ್ಲಿ ಇರಿಸಿಯಾಗಿತ್ತು, ಅದೂ ಸಂಭ್ರಮದಿಂದ.

ಸಮುವೇಲನ ಪ್ರಥಮ ಗ್ರಂಥದ 8ನೆಯ ಅಧ್ಯಾಯವನ್ನು ಬಲ್ಲವರಿಗೆ ಈ ದೃಶ್ಯವು ಹೊಸದಲ್ಲ. ಮುದುಕನಾದ ಸಮುವೇಲನ ಬಳಿಗೆ ಇಸ್ರಯೇಲಿನ ಹಿರಿಯರು ಬಂದು, ಇತರ ಜನಾಂಗಗಳಿಗಿರುವಂತೆ ತಮಗೂ ಒಬ್ಬ ಅರಸನು ಬೇಕೆಂದು ಹಟಹಿಡಿಯುತ್ತಾರೆ. ಅರಸನು ತಮಗೆ ನ್ಯಾಯತೀರಿಸಬೇಕು, ತಮ್ಮ ಯುದ್ಧಗಳನ್ನು ನಡೆಸಬೇಕು. ಸಮುವೇಲನು ಎಚ್ಚರಿಸುತ್ತಾನೆ: ಅವನು ನಿಮ್ಮ ಗಂಡುಮಕ್ಕಳನ್ನು ರಥಗಳಿಗೆ ಹಚ್ಚುವನು, ಹೆಣ್ಣುಮಕ್ಕಳನ್ನು ಅಡಿಗೆಗೆ ಇಟ್ಟುಕೊಳ್ಳುವನು, ಧಾನ್ಯದಲ್ಲಿ ಹತ್ತನೆಯ ಒಂದು ಪಾಲನ್ನು ಕಸಿಯುವನು. ಜನರು ಕಿವಿಗೊಡುವುದಿಲ್ಲ. ಅವರು ತಿರಸ್ಕರಿಸಿದ್ದು ನಿನ್ನನ್ನಲ್ಲ, ನನ್ನನ್ನು ಎಂದು ಸರ್ವೇಶ್ವರ ಸ್ವಾಮಿ ಸಮುವೇಲನಿಗೆ ತಿಳಿಸುತ್ತಾರೆ. ನ್ಯಾಯ ತೀರ್ಮಾನಿಸುವ ಹಾಗೂ ಯುದ್ಧ ನಡೆಸುವ ಹೊಣೆಗಳನ್ನೇ ಅಂದು ಇಸ್ರಯೇಲರು ಅರಸನ ಹೆಗಲಿಗೆ ಹೊರಿಸಿದರು. ಅವೇ ಎರಡನ್ನು ಚಿತ್ರದ ಅಧ್ಯಕ್ಷರು ಕೊಲೋಸಸ್‌ಗೆ ಒಪ್ಪಿಸುತ್ತಾರೆ. ಬೇಸತ್ತ ಮನುಷ್ಯನು ಮೊಟ್ಟಮೊದಲು ಕೆಳಗಿಡಲು ಬಯಸುವುದು ಈ ಹೊರೆಯನ್ನೇ.

ಇತ್ತೀಚೆಗೆ ಧರ್ಮೋಪದೇಶ ತರಗತಿಯ ದೊಡ್ಡ ಮಕ್ಕಳೊಂದಿಗೆ ಕುಳಿತು ಈ ಚಿತ್ರವನ್ನು ನೋಡಿದೆವು. ಮುಗಿದ ಬಳಿಕ ಒಬ್ಬ ಹುಡುಗ ಎದ್ದುನಿಂತು ಕೇಳಿದ: “ಸರ್, ಯುದ್ಧ ಇರುವುದಿಲ್ಲ, ಹಸಿವು ಇರುವುದಿಲ್ಲ, ಕಾಯಿಲೆ ಇರುವುದಿಲ್ಲ ಅಂದ ಮೇಲೆ ಕೊಲೋಸಸ್ ಆಳಿದರೆ ತಪ್ಪೇನು?” ಅದು ಮನುಷ್ಯರನ್ನು ಕೊಂದಿತಲ್ಲ ಎಂದೆವು. “ಮನುಷ್ಯರು ಮನುಷ್ಯರನ್ನು ಅದಕ್ಕಿಂತ ಹೆಚ್ಚು ಕೊಂದಿದ್ದಾರಲ್ಲ ಸರ್” ಎಂದ. ತರಗತಿಯಲ್ಲಿ ಕೆಲವರು ನಕ್ಕರು. ನಾವು ನಗಲಿಲ್ಲ. ಎರಡು ಮಹಾಯುದ್ಧಗಳನ್ನೂ ಹಿರೋಶಿಮಾವನ್ನೂ ಪಠ್ಯಪುಸ್ತಕದಲ್ಲಿ ಓದಿದ ಬಾಲಕನಿಗೆ, ಮನುಷ್ಯನ ಆಳ್ವಿಕೆಯೇ ಲೇಸೆಂದು ಅಂಕಿಸಂಖ್ಯೆಗಳಿಂದ ಸಾಧಿಸಿ ತೋರಿಸುವುದು ಸಾಧ್ಯವಿಲ್ಲ. ಲೆಕ್ಕದಲ್ಲಿ ಕೊಲೋಸಸ್‌ನದೇ ಗೆಲುವಾದೀತು.

ಆದುದರಿಂದ ಲೆಕ್ಕವನ್ನು ಬಿಟ್ಟು ಶುಭಸಂದೇಶಕ್ಕೆ ಹೋಗಬೇಕಾಯಿತು. ಅರಣ್ಯದಲ್ಲಿ ಪ್ರಭು ಯೇಸುವಿನ ಮುಂದೆ ಸೈತಾನನು ಇಟ್ಟ ಪ್ರಲೋಭನೆಗಳನ್ನು ಸಂತ ಮತ್ತಾಯನು ನಾಲ್ಕನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ಕಲ್ಲುಗಳನ್ನು ರೊಟ್ಟಿಯಾಗಿಸುವುದು ಅವುಗಳಲ್ಲಿ ಮೊದಲನೆಯದು. ಲೋಕದ ಸಮಸ್ತ ರಾಜ್ಯಗಳ ಒಡೆತನ ಕೊನೆಯದು. ರೊಟ್ಟಿಯೂ ರಾಜ್ಯವೂ ತಮ್ಮಷ್ಟಕ್ಕೆ ಕೆಟ್ಟವಲ್ಲ. ಐದು ಸಾವಿರ ಮಂದಿಯ ಹಸಿವನ್ನು ಅದೇ ಯೇಸು ಮುಂದೆ ನೀಗಿಸಿದರು. ಆದರೆ ಅಡ್ಡಬಿದ್ದು ಪಡೆಯುವ ರಾಜ್ಯವನ್ನು ಅವರು ಒಲ್ಲೆನೆಂದರು. ಇಲ್ಲಿ ಯೋಚಿಸಬೇಕಾದ ಮತ್ತೊಂದು ಸಂಗತಿಯಿದೆ. ಸರ್ವಶಕ್ತರಾದ ದೇವರಿಗೆ, ಕೊಲೋಸಸ್ ಮಾಡಹೊರಟದ್ದನ್ನು ಕ್ಷಣಾರ್ಧದಲ್ಲಿ ಮಾಡಲು ಅಡ್ಡಿಯೇನಿತ್ತು? ಪಾಪವೇ ಮಾಡಲಾಗದಂತೆ ಮನುಷ್ಯನನ್ನು ಕಟ್ಟಿಹಾಕಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಆದಾಮನು ಹಣ್ಣಿಗೆ ಕೈಚಾಚಿದಾಗ ಅವನ ಕೈಯನ್ನು ಹಿಡಿಯಲಿಲ್ಲ. ಇಷ್ಟು ದೊಡ್ಡ ಬೆಲೆ ತೆತ್ತಾದರೂ ನಮ್ಮ ಸ್ವಾತಂತ್ರ್ಯವನ್ನು ದೇವರು ಉಳಿಸಿಕೊಟ್ಟಿದ್ದಾರೆಂದರೆ, ಅವರು ನಮ್ಮಿಂದ ಬಯಸುವ ಪ್ರೀತಿಯು ಬಲವಂತದಿಂದ ಹುಟ್ಟುವಂಥದ್ದಲ್ಲ. ಕ್ಷಿಪಣಿಗಳನ್ನು ಹಿಂದಿಟ್ಟುಕೊಂಡು ‘ನೀವು ನನ್ನನ್ನು ಪ್ರೀತಿಸುವಿರಿ’ ಎನ್ನುವ ಯಂತ್ರಕ್ಕೂ, ಬಾಗಿಲ ಬಳಿ ನಿಂತು ತಟ್ಟುವ ಪ್ರಭುವಿಗೂ ಇರುವ ವ್ಯತ್ಯಾಸ ಇದೇ. ಇದನ್ನು ಆ ಹುಡುಗನಿಗೆ ಹೇಳಿದೆವು. ಅವನು ಪೂರ್ತಿ ಒಪ್ಪಿದನೆಂದು ನಮಗನಿಸಲಿಲ್ಲ.

ಇದೆಲ್ಲ ಕಟ್ಟುಕಥೆಯ ಮಾತಾಯಿತು ಎನ್ನುವವರು ನಿಜವಾಗಿ ನಡೆದ ಒಂದು ಘಟನೆಯನ್ನು ಗಮನಿಸಬೇಕು. ಆಕಸ್ಮಿಕವಾದ ಒಂದು ಸಂದರ್ಭದಿಂದಲೂ ಪರಮಾಣು ಯುದ್ಧವು ಹೊತ್ತಿಕೊಂಡೀತೆಂದು ಜಗದ್ಗುರು 23ನೆಯ ಯೊವಾನ್ನರು 1963ರ ‘ಪಾಚೆಮ್ ಇನ್ ತೆರ್‍ರಿಸ್’ ವಿಶ್ವಪತ್ರದಲ್ಲಿ ಎಚ್ಚರಿಸಿದ್ದರು. ಇಪ್ಪತ್ತು ವರ್ಷಗಳ ಬಳಿಕ, 1983ರ ಸೆಪ್ಟೆಂಬರ್ 26ರಂದು, ಮಾಸ್ಕೋದ ದಕ್ಷಿಣಕ್ಕಿರುವ ಸೇನಾ ಕೇಂದ್ರವೊಂದರಲ್ಲಿ ಲೆಫ್ಟಿನೆಂಟ್ ಕರ್ನಲ್ ಸ್ಟಾನಿಸ್ಲಾವ್ ಪೆಟ್ರೋವ್ ರಾತ್ರಿಪಾಳಿಯಲ್ಲಿದ್ದರು. ದಕ್ಷಿಣ ಕೊರಿಯದ ಪ್ರಯಾಣಿಕ ವಿಮಾನವನ್ನು ಸೋವಿಯತ್ ಸೇನೆ ಹೊಡೆದುರುಳಿಸಿ 269 ಮಂದಿ ಸತ್ತು ಒಂದು ತಿಂಗಳೂ ಆಗಿರಲಿಲ್ಲ. ಎರಡೂ ಬಣಗಳಲ್ಲಿ ಶಂಕೆ ತುಂಬಿತ್ತು. ಅಮೆರಿಕವು ಒಂದು ಕ್ಷಿಪಣಿಯನ್ನು ಹಾರಿಸಿದೆಯೆಂದು ಉಪಗ್ರಹಗಳಿಗೆ ಜೋಡಿಸಿದ ಗಣಕಯಂತ್ರವು ಸೂಚಿಸಿತು. ಅನಂತರ ಇನ್ನೂ ನಾಲ್ಕು. ನಿಯಮದಂತೆ ಪೆಟ್ರೋವ್ ಮೇಲಧಿಕಾರಿಗಳಿಗೆ ದಾಳಿಯ ವರದಿ ಮಾಡಬೇಕಿತ್ತು. ಯಾರಾದರೂ ಮಹಾಯುದ್ಧವನ್ನು ಐದೇ ಕ್ಷಿಪಣಿಗಳಿಂದ ಆರಂಭಿಸುವರೇ ಎಂದು ಅವರು ತಮ್ಮನ್ನು ತಾವೇ ಕೇಳಿಕೊಂಡರು. ಯಂತ್ರದ ಸೂಚನೆ ತಪ್ಪೆಂದು ವರದಿ ಮಾಡಿದರು. ಮೇಘಗಳ ಮೇಲೆ ಪ್ರತಿಫಲಿಸಿದ ಸೂರ್ಯನ ಬೆಳಕನ್ನು ಉಪಗ್ರಹವು ಕ್ಷಿಪಣಿಯೆಂದು ಭ್ರಮಿಸಿದ್ದು ಆಮೇಲೆ ತಿಳಿದುಬಂತು.

ಆ ಕುರ್ಚಿಯಲ್ಲಿ ಪೆಟ್ರೋವ್‌ರ ಬದಲು ಕೊಲೋಸಸ್ ಇದ್ದಿದ್ದರೆ? ಅದಕ್ಕೆ ಭಯವಿಲ್ಲ, ಆದುದರಿಂದ ಅದು ಶ್ರೇಷ್ಠ ಎಂದರಲ್ಲವೇ ಚಿತ್ರದ ಅಧ್ಯಕ್ಷರು? ಪೆಟ್ರೋವ್‌ರಿಗೆ ಭಯವಿತ್ತು. ತಮ್ಮ ತೀರ್ಮಾನ ತಪ್ಪಾಗಿದ್ದರೆ ಏನಾಗುವುದೆಂಬ ಭಯ. ಸರಿಯಾಗಿದ್ದೂ ಸುಮ್ಮನಿರದಿದ್ದರೆ ಎಷ್ಟು ಮಂದಿ ಸಾಯುವರೆಂಬ ಭಯ. ನಮ್ಮ ಪಾಲಿಗೆ ಆ ಭಯವೇ ವರವಾಯಿತು. 2017ರಲ್ಲಿ ಅವರು ತೀರಿಕೊಂಡಾಗ ಜಗತ್ತಿಗೆ ಆ ಸುದ್ದಿ ತಲಪಲು ತಿಂಗಳುಗಳೇ ಹಿಡಿದವೆಂಬುದು ವಿಷಾದದ ಸಂಗತಿ.

ಈ ಪ್ರಶ್ನೆಯು ಇಂದು ರಾಷ್ಟ್ರನಾಯಕರ ಮೇಜಿನ ಮೇಲೂ ಇದೆ. ಅಣ್ವಸ್ತ್ರಗಳನ್ನು ಬಳಸುವ ತೀರ್ಮಾನವು ಮನುಷ್ಯರ ಕೈಯಲ್ಲಿಯೇ ಇರಬೇಕು, ಕೃತಕ ಬುದ್ಧಿಮತ್ತೆಯ ಕೈಗೆ ಹೋಗಕೂಡದು ಎಂಬ ಮಾತಿಗೆ ಅಮೆರಿಕದ ಅಂದಿನ ಅಧ್ಯಕ್ಷ ಜೋ ಬೈಡನ್ ಮತ್ತು ಚೀನದ ಅಧ್ಯಕ್ಷ ಷಿ ಜಿನ್‌ಪಿಂಗ್ 2024ರ ನವೆಂಬರಿನಲ್ಲಿ ಪೆರು ದೇಶದ ಲಿಮಾದಲ್ಲಿ ಸಮ್ಮತಿಸಿದರು. ಅದೇ ವರ್ಷದ ಜೂನ್ 14ರಂದು ಇಟಲಿಯಲ್ಲಿ ನಡೆದ ಜಿ-7 ರಾಷ್ಟ್ರಗಳ ಸಭೆಗೆ ಹೋದ ಜಗದ್ಗುರು ಫ್ರಾನ್ಸಿಸ್‌ರವರು ಇನ್ನೂ ಮುಂದಕ್ಕೆ ಹೋಗಿ, ಯಾವ ಯಂತ್ರವೂ ಎಂದಿಗೂ ಮನುಷ್ಯನ ಜೀವವನ್ನು ತೆಗೆಯುವ ತೀರ್ಮಾನವನ್ನು ಮಾಡಕೂಡದೆಂದು ಸ್ಪಷ್ಟವಾಗಿ ನುಡಿದರು. ಆ ಸಭೆಯಲ್ಲಿ ಪಾಲ್ಗೊಂಡ ಮೊದಲ ಪೋಪ್ ಅವರೇ. 2025ರ ಮೇ ತಿಂಗಳಲ್ಲಿ ಆರಿಸಿಬಂದ 14ನೆಯ ಲಿಯೋರವರು ತಾವು ಆ ಹೆಸರನ್ನು ಆಯ್ದುಕೊಂಡುದಕ್ಕೆ ಕಾರಣ ಕೊಡುತ್ತಾ, ಕೈಗಾರಿಕಾ ಕ್ರಾಂತಿಯ ಕಾಲದಲ್ಲಿ, 1891ರಲ್ಲಿ, ಕಾರ್ಮಿಕರ ಪರವಾಗಿ ವಿಶ್ವಪತ್ರ ಬರೆದ 13ನೆಯ ಲಿಯೋರವರನ್ನು ನೆನೆದು ಕೃತಕ ಬುದ್ಧಿಮತ್ತೆಯ ಪ್ರಸ್ತಾಪವನ್ನೇ ಮಾಡಿದರು. ಧರ್ಮಸಭೆಯು ಯಂತ್ರವನ್ನು ಕಂಡು ಶಿಲುಬೆಯ ಗುರುತು ಹಾಕಿಕೊಂಡು ಓಡಿಹೋಗುತ್ತಿಲ್ಲ ಎಂಬುದಕ್ಕೆ ಇಷ್ಟು ಸಾಕು. ನಾವೂ ಓಡಬೇಕಾಗಿಲ್ಲ. ಕಣ್ಣಿಲ್ಲದವರಿಗೆ ಪುಸ್ತಕವನ್ನು ಓದಿಹೇಳುವ, ರೋಗಿಯ ಎಕ್ಸ್‌ರೇಯಲ್ಲಿ ವೈದ್ಯರ ಕಣ್ಣಿಗೆ ತಪ್ಪಿದ ಕಲೆಯನ್ನು ತೋರಿಸುವ ಯಂತ್ರವು ಮನುಷ್ಯನಿಗೆ ದೇವರಿತ್ತ ಬುದ್ಧಿಯ ಫಲವೇ ಆಗಿದೆ.

ಆದರೆ ನಮ್ಮ ಮನೆಗಳ ಮಾತೇನು? ಅಣ್ವಸ್ತ್ರಗಳು ನಮ್ಮ ಕೈಯಲ್ಲಿಲ್ಲ, ನಿಜ. ನಮ್ಮ ಕೈಯಲ್ಲಿರುವುದನ್ನು ನಾವು ಹೇಗೆ ಕೊಟ್ಟುಬಿಡುತ್ತಿದ್ದೇವೆ ಎಂಬುದನ್ನು ನೋಡಿಕೊಳ್ಳಬೇಕಾಗಿದೆ. ಕೆಲವು ತಿಂಗಳ ಹಿಂದೆ ಒಂದು ಸಾವಿನ ಮನೆಗೆ ಹೋಗಿದ್ದೆವು. ಬಲಿಪೂಜೆಯ ಕೊನೆಯಲ್ಲಿ ಮಗನು ತಾಯಿಯನ್ನು ಕುರಿತು ಶ್ರದ್ಧಾಂಜಲಿಯನ್ನು ಓದಿದ. ಮಾತುಗಳು ನಯವಾಗಿದ್ದವು, ಎಲ್ಲಿಯೂ ತಡವರಿಕೆಯಿಲ್ಲ. ತ್ಯಾಗಮಯಿ, ಮಮತಾಮಯಿ, ದಾರಿದೀಪ. ಆದರೆ ಆ ತಾಯಿ ಪ್ರತಿ ಶನಿವಾರ ದೇವಾಲಯದ ಪೀಠದ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡಿ ತಂದುಕೊಡುತ್ತಿದ್ದುದು, ಯಾರೊಂದಿಗಾದರೂ ಜಗಳವಾದರೆ ಎರಡನೆಯ ದಿನ ಅವರ ಮನೆಗೆ ಬಸಳೆ ಸೊಪ್ಪು ಕೊಟ್ಟುಕಳುಹಿಸುತ್ತಿದ್ದುದು ಅದರಲ್ಲಿ ಇರಲಿಲ್ಲ. ಫೋನಿನಲ್ಲಿ ಯಂತ್ರದಿಂದ ಬರೆಸಿದ್ದೆಂದು ಅವನೇ ಅನಂತರ ಹೇಳಿದ. ಅವನ ದುಃಖ ಸುಳ್ಳೆಂದು ನಾವು ಹೇಳುವುದಿಲ್ಲ. ಅವನ ಕಣ್ಣುಗಳು ಬಾತುಕೊಂಡಿದ್ದವು. ತಪ್ಪಾಗಿಯಾದರೂ, ಅಳುತ್ತಲಾದರೂ, ನಾಲ್ಕೇ ವಾಕ್ಯಗಳನ್ನು ಅವನೇ ಬರೆದಿದ್ದರೆ ಆ ತಾಯಿ ಅಲ್ಲಿ ನಮ್ಮ ನಡುವೆ ಬಂದು ನಿಲ್ಲುತ್ತಿದ್ದರು.

ಇದಕ್ಕಿಂತ ಕಳವಳಕಾರಿಯಾದುದು ಇನ್ನೊಂದಿದೆ. ‘ಇದು ಪಾಪವೇ?’, ‘ಅಪ್ಪನ ಜೊತೆ ಮಾತು ಬಿಟ್ಟದ್ದು ಸರಿಯೇ?’, ‘ಈ ಮದುವೆಗೆ ಒಪ್ಪಲೇ?’ ಎಂಬ ಪ್ರಶ್ನೆಗಳನ್ನು ನಮ್ಮ ಮಕ್ಕಳು ಯಂತ್ರಕ್ಕೆ ಕೇಳುತ್ತಿದ್ದಾರೆ. ಅದು ಬೇಸರಿಸದೆ, ಗದರಿಸದೆ, ನಡುರಾತ್ರಿಯಲ್ಲಿಯೂ ಉತ್ತರಿಸುತ್ತದೆ. ಉತ್ತರವು ಕೆಲವೊಮ್ಮೆ ನಮಗಿಂತ ಚೆನ್ನಾಗಿಯೂ ಇದ್ದೀತು. ದೋಷವಿರುವುದು ಉತ್ತರದಲ್ಲಿ ಅಲ್ಲ. ಮನಸ್ಸಾಕ್ಷಿಯು ಮನುಷ್ಯನು ದೇವರೊಂದಿಗೆ ಏಕಾಂತದಲ್ಲಿರುವ ಗರ್ಭಗುಡಿಯೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಬೋಧಿಸಿತು. ಆ ಗರ್ಭಗುಡಿಗೆ ಹೋಗಿ ನಿಂತು, ತಾನೇ ತೂಗಿ, ತಾನೇ ನಡುಗಿ ತೀರ್ಮಾನಿಸುವ ಅಭ್ಯಾಸವಿಲ್ಲದೆ ಬೆಳೆದ ಮಗುವು ನಾಳೆ ಪೆಟ್ರೋವ್‌ರ ಕುರ್ಚಿಯಲ್ಲಿ ಕುಳಿತರೆ ಏನು ಮಾಡೀತು? ಹಾಗೆಂದು ಮಕ್ಕಳನ್ನು ಮಾತ್ರ ದೂರುವುದು ನ್ಯಾಯವಲ್ಲ. ಪ್ರಶ್ನೆ ಕೇಳಲು ಬಂದಾಗ ‘ಈಗ ಪುರಸೊತ್ತಿಲ್ಲ’ ಎಂದವರು ನಾವೇ. ಪಾಪನಿವೇದನೆಯ ಪೀಠದಲ್ಲಿ ಗುರುಗಳು ಕಾದು ಕುಳಿತರೂ ವರ್ಷಕ್ಕೊಮ್ಮೆ ಮಾತ್ರ ಅತ್ತ ಸುಳಿಯುವವರೂ ನಾವೇ.

2025ರ ಜನವರಿ 28ರಂದು, ಸಂತ ತೋಮಾಸ್ ಅಕ್ವಿನಾಸರ ಸ್ಮರಣೆಯ ದಿನ, ವ್ಯಾಟಿಕನ್ ಹೊರಡಿಸಿದ ‘ಆಂತಿಕ್ವಾ ಎತ್ ನೋವಾ’ ಎಂಬ ದಸ್ತಾವೇಜಿನಲ್ಲಿ ಈ ಅಪಾಯಕ್ಕೆ ವಿಗ್ರಹಾರಾಧನೆ ಎಂಬ ಹಳೆಯ ಹೆಸರನ್ನೇ ಕೊಡಲಾಗಿದೆ. ಕೀರ್ತನೆಗಳಲ್ಲಿ ಬರುವ ವಿಗ್ರಹಗಳಿಗೆ ಬಾಯಿದ್ದರೂ ಮಾತಿಲ್ಲ. ಈ ಹೊಸದು ಮಾತನಾಡುತ್ತದೆ, ಕಡೆಯಪಕ್ಷ ಮಾತನಾಡಿದಂತೆ ತೋರುತ್ತದೆ, ಆದುದರಿಂದ ಅದರ ಮೋಹವು ಹೆಚ್ಚಿನದು ಎಂಬುದು ಅಲ್ಲಿಯ ವಾದ. ಕೊಲೋಸಸ್‌ನ ಲೇಖಕ ಜೋನ್ಸ್ ಇದನ್ನು ಬಹಳ ಹಿಂದೆಯೇ ಊಹಿಸಿದ್ದರು. 1974ರಲ್ಲಿ ಅವರು ಬರೆದ ಮುಂದಿನ ಕಾದಂಬರಿಯಲ್ಲಿ ಕೊಲೋಸಸನ್ನು ದೇವರೆಂದು ಪೂಜಿಸುವ ಪಂಥವೇ ಹುಟ್ಟಿಕೊಂಡಿರುತ್ತದೆ.

ಚಿತ್ರವನ್ನು ಮನೆಯಲ್ಲಿ ನೋಡಬಯಸುವ ಹೆತ್ತವರಿಗೆ ಒಂದು ಸೂಚನೆ. ಯಂತ್ರದ ಕಣ್ಗಾವಲಿನಿಂದ ತಪ್ಪಿಸಿಕೊಂಡು ಸುದ್ದಿ ರವಾನಿಸುವ ಸಲುವಾಗಿ ಫಾರ್ಬಿನ್ ತನ್ನ ಸಹೋದ್ಯೋಗಿಯಾದ ವಿಜ್ಞಾನಿ ಮಹಿಳೆಯನ್ನು ಪ್ರೇಯಸಿಯೆಂದು ಹೇಳಿಕೊಳ್ಳುವ ಪ್ರಸಂಗವಿದೆ. ಅಸಭ್ಯವಾಗಿ ತೋರಿಸಿಲ್ಲವಾದರೂ ಚಿಕ್ಕ ಮಕ್ಕಳಿಗೆ ತಕ್ಕುದಲ್ಲ. ಅಷ್ಟು ಕಲಿತ ಮಹಿಳೆಗೆ ಚಿತ್ರಕಾರರು ಕೊಟ್ಟ ಕೆಲಸ ಇಷ್ಟೇಯೇ ಎಂದು ನಮಗೂ ಬೇಸರವಾಯಿತು. ಪ್ರೌಢಶಾಲೆಯ ಮಕ್ಕಳೊಂದಿಗೆ ಹೆತ್ತವರು ಜೊತೆಯಲ್ಲಿ ಕುಳಿತು ನೋಡುವುದಕ್ಕೆ ಅಡ್ಡಿಯಿಲ್ಲ. ಅರ್ಧಕ್ಕೆ ಎದ್ದುಹೋಗಬಾರದು, ಅಷ್ಟೆ.

ಆ ದಿನ ತರಗತಿ ಮುಗಿದು ಎಲ್ಲರೂ ಹೊರಟ ಮೇಲೆ ಅದೇ ಹುಡುಗ ಬಾಗಿಲ ಬಳಿ ನಿಂತಿದ್ದ. “ಸರ್, ಕೊನೆಯಲ್ಲಿ ಫಾರ್ಬಿನ್ ‘ಎಂದಿಗೂ ಇಲ್ಲ’ ಅಂದನಲ್ಲ, ಆ ಮಾತನ್ನು ಮೊದಲ ದಿನವೇ ಅಧ್ಯಕ್ಷರಿಗೆ ಯಾಕೆ ಹೇಳಲಿಲ್ಲ?” ಎಂದು ಕೇಳಿದ. ಮುಂದಿನ ಭಾನುವಾರ ಸಮುವೇಲನ ಗ್ರಂಥವನ್ನು ತೆಗೆದುಕೊಂಡು ಬಾ, ಓದಿ ನೋಡೋಣ ಎಂದು ಹೇಳಿ ಕಳುಹಿಸಿದ್ದೇವೆ.